ಕೌದಿಯಲ್ಲಿ ಕಾಣೆಯಾದ ನೀಲಿ ತುಂಡು

ಸೋಮವಾರ ಬೆಳಿಗ್ಗೆ ಕೌದಿಯನ್ನು ಮೇಜಿನ ಮೇಲೆ ಹರಡಿದಾಗ ಅದರ ನಡುವೆ ಒಂದು ತೂತಿತ್ತು. ಇಲಿ ಕಡಿದದ್ದಲ್ಲ, ಇಸ್ತ್ರಿ ಸುಟ್ಟದ್ದೂ ಅಲ್ಲ. ಅಳತೆ ಹಿಡಿದು ಮಾಡಿದ ಪುಟ್ಟ ಕಿಟಕಿಯಂತೆ ಗೇಣುದ್ದ, ಗೇಣಗಲ. ಮೂವತ್ತು ತುಂಡುಗಳಲ್ಲಿ ಒಂದು ಮಾಯವಾಗಿತ್ತು. ಅಡಿಪದರ ಇನ್ನೂ ಹಾಕಿರದಿದ್ದರಿಂದ ಆ ಜಾಗದಲ್ಲಿ ಮೇಜಿನ ಬರಿ ಮರ ಕಾಣುತ್ತಿತ್ತು.

ಹೊಲಿಗೆ ಕೂಟದ ಐವರೂ ಮೇಜಿನ ಸುತ್ತ ಬಗ್ಗಿ ನಿಂತರು. ಬುಧವಾರ ಆ ಕೌದಿ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋಗಬೇಕಿತ್ತು. ಐದು ತಿಂಗಳ ಕೆಲಸ.

"ನನ್ನ ತುಂಡು," ಎಂದರು ಹೆಡ್‌ಮಿಸ್. ಶಾಲೆಯಿಂದ ನಿವೃತ್ತರಾಗಿ ಎಂಟು ವರ್ಷವಾದರೂ ಅವರ ದನಿ ಕೇಳಿದರೆ ಈಗಲೂ ಎದ್ದು ನಿಲ್ಲಬೇಕೆನಿಸುತ್ತಿತ್ತು. "ನಾನು ಹಾಕಿದ ನೀಲಿ ತುಂಡು. ಬೀರುವಿನ ಕೀ ಯಾರ ಹತ್ರ ಇತ್ತು?"

ಯಾರ ಹತ್ತಿರ ಇತ್ತೆಂದು ಎಲ್ಲರಿಗೂ ಗೊತ್ತು. ಗುಂಡಿ ಅಜ್ಜಿಯ ಕೊರಳ ದಾರದಲ್ಲಿ ಅದು ಹಗಲೂ ರಾತ್ರಿ ನೇತಾಡುತ್ತಿತ್ತು. ಕೈ ನಡುಗುವುದರಿಂದ ಅಜ್ಜಿಗೆ ಹೊಲಿಯಲು ಆಗುತ್ತಿರಲಿಲ್ಲ. ಡಬ್ಬಿಗಟ್ಟಲೆ ಗುಂಡಿಗಳನ್ನು ಬಣ್ಣ ನೋಡಿ ವಿಂಗಡಿಸುವುದು, ಬೀರು ಕಾಯುವುದು, ಎಲ್ಲರನ್ನೂ ರೇಗಿಸುವುದು ಅವಳ ಪಾಲಿನ ಕೆಲಸ.

"ನನ್ನ ಹತ್ರ. ಬೇರೆ ಯಾರ ಕೈಗೂ ಕೊಟ್ಟಿಲ್ಲ," ಎಂದಳು ಅಜ್ಜಿ. ಸುಳ್ಳು ಹೇಳಿ ಜಾರಿಕೊಳ್ಳುವ ಜಾಣತನ ಅವಳಿಗಿರಲಿಲ್ಲ.

"ಶುಕ್ರವಾರ ನೀವೇ ಹೇಳಿದ್ರಿ, ಮಡಿಕೆ ಇರೋ ಹಳೇ ಬಟ್ಟೆ ಹಾಕಿದ್ದೀರಿ, ಉಬ್ಬಿಕೊಂಡು ಅಸಹ್ಯವಾಗಿದೆ, ಕಿತ್ತು ಬಿಸಾಕಿ ಅಂತ."

"ಹೇಳಿದ್ದೆ. ಬಾಯಲ್ಲಿ ಹೇಳಿದ್ದೆ ಮಿಸ್. ಬಾಯಲ್ಲಿ ಹೊಲಿಗೆ ಬಿಚ್ಚೋಕಾಗುತ್ತಾ?"

ಬೇರೆ ದಿನವಾಗಿದ್ದರೆ ಈ ಮಾತಿಗೆ ಬೇಕರಿಯವನ ಹೆಂಡತಿ, ಬೇಕರಿ ಅಕ್ಕ, ಮೊದಲು ನಗುತ್ತಿದ್ದಳು. ಇವತ್ತು ಅವಳೂ ತಲೆ ತಗ್ಗಿಸಿ ನಿಂತಿದ್ದಳು. ಆ ಮಕ್ಕಳ ವಾರ್ಡಿನಲ್ಲೇ ಕೆಲಸ ಮಾಡುವ ನರ್ಸಮ್ಮ ಗೋಡೆ ಗಡಿಯಾರ ನೋಡಿದಳು.

"ಬುಧವಾರದೊಳಗೆ ಆ ತುಂಡು ಇಲ್ಲಿಗೆ ಬರಬೇಕು. ಇಲ್ಲ ಅಂದ್ರೆ ನೀವು ಇನ್ಮೇಲೆ ಬರೋದು ಬೇಡ," ಎಂದರು ಹೆಡ್‌ಮಿಸ್.

ಅಜ್ಜಿ ಕೊರಳಿಂದ ದಾರ ತೆಗೆದು ಕೀಯನ್ನು ಮೇಜಿನ ಮೇಲಿಟ್ಟಳು. ಬಾಗಿಲು ದಾಟಿದಳು. ಆದರೆ ಮನೆಗೆ ಹೋಗಲಿಲ್ಲ, ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೂಟದ ಐದನೆಯವಳು, ಎಲ್ಲರಿಗಿಂತ ಚಿಕ್ಕವಳು, ಕೆಳಗಿನ ಮಳಿಗೆಯವರ ಸೊಸೆ, ಹಿಂದೆಯೇ ಓಡಿ ಬಂದು ಪಕ್ಕದಲ್ಲಿ ಕೂತಳು.

"ಏಳಿ ಅಜ್ಜಿ, ಮನೆಗೆ ಬಿಡ್ತೀನಿ."

"ಹೋಗಿ ಏನು ಮಾಡಲಿ? ಒಂದೇ ರೂಮು. ನಾನು ಕೆಮ್ಮಿದ್ರೆ ನನಗೇ ಕೇಳಿಸೋದು. ವಾರಕ್ಕೆ ಮೂರು ದಿನ ಇಲ್ಲಿ ಬೈಯೋಕೆ ನಾಲ್ಕು ಜನ ಸಿಗ್ತಿದ್ರು," ಎಂದಳು ಅಜ್ಜಿ.

ಸೊಸೆ ಎದ್ದಳು. ಅವಳು ಮೇಲೆ ಹೋಗಿ, ಹೆಡ್‌ಮಿಸ್ ಬೇಡವೆನ್ನುವ ಮೊದಲೇ ಕೌದಿಯನ್ನು ಸುತ್ತಿಕೊಂಡು ಕೆಳಗಿಳಿದಳು.

ಕೆಳಗಿನ ಮಳಿಗೆಯಲ್ಲಿ ಅವಳ ಮಾವ ಇದ್ದರು. ಗಂಡನ ತಂದೆ. ಊರಿಗೆಲ್ಲ ಅವರು ರಫೂ ಮಾವ. ಹರಿದ ಬಟ್ಟೆಯನ್ನು ಹರಿದೇ ಇರಲಿಲ್ಲವೆನ್ನುವಂತೆ ಎಳೆ ಕೂಡಿಸಿ ಕೊಡುವುದು ಅವರ ಕಸುಬು. ನಲವತ್ತು ವರ್ಷ ಹರಕು ನೋಡಿ ನೋಡಿ ಅವರಿಗೊಂದು ಚಟ ಅಂಟಿತ್ತು. ಕೋಟು ತಂದವನು ಬಾಯಿ ಬಿಡುವ ಮೊದಲೇ, ಇದು ಮೊಳೆಗೆ ಸಿಕ್ಕಿದ್ದೋ, ನಾಯಿ ಎಳೆದದ್ದೋ, ಹೆಂಡತಿ ಜಗ್ಗಿದ್ದೋ ಎಂದು ಹೇಳಿಬಿಡುತ್ತಿದ್ದರು. ಪೊಲೀಸರೂ ಎರಡು ಮೂರು ಸಲ ಅಂಗಿ ಹಿಡಿದುಕೊಂಡು ಬಂದದ್ದುಂಟು. ಆ ಸಲಗಳಲ್ಲೆಲ್ಲ ಪಕ್ಕದಲ್ಲಿ ದೀಪ ಹಿಡಿದು ನಿಂತವಳು ಸೊಸೆಯೇ.

ಮಾವ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ಭೂತಗನ್ನಡಿ ಹಿಡಿದರು. ತೂತಿನ ನಾಲ್ಕು ಅಂಚುಗಳ ಮೇಲೂ ಉಗುರು ಆಡಿಸಿದರು. "ಕತ್ತರಿ ತಾಗಿಲ್ಲ. ಒಂದು ಎಳೆಯೂ ಹರಿದಿಲ್ಲ. ಸೂಜಿ ತುದೀಲಿ ಒಂದೊಂದೇ ಹೊಲಿಗೆ ಎತ್ತಿದ್ದಾರೆ. ಮುಕ್ಕಾಲು ಗಂಟೆ ಕೆಲಸ. ಹೇಳಮ್ಮ, ಶುಕ್ರವಾರ ಏನಾಯ್ತು? ಏನನ್ನೂ ಬಿಡಬೇಡ."

ಸೊಸೆ ಹೇಳಿದಳು. ಎಲ್ಲರೂ ಅವರವರ ತುಂಡುಗಳನ್ನು ಮನೆಯಲ್ಲೇ ಸಿದ್ಧಮಾಡಿ ಕೊಟ್ಟಿದ್ದರು. ಹೆಡ್‌ಮಿಸ್ ಒಬ್ಬರೇ ಕೂತು ಜೋಡಿಸಿ, ಶುಕ್ರವಾರ ಮೊದಲ ಸಲ ಹರಡಿ ತೋರಿಸಿದರು. ನರ್ಸಮ್ಮ ವಾರ್ಡಿನ ಮಕ್ಕಳಿಗೆ ತೋರಿಸುವುದಕ್ಕೆಂದು ಫೋಟೋ ತೆಗೆದಳು. ನೀಲಿ ತುಂಡಿನ ಬಗ್ಗೆ ಅಜ್ಜಿಗೂ ಹೆಡ್‌ಮಿಸ್ಸಿಗೂ ಜಟಾಪಟಿ ಆಯಿತು. ಆಮೇಲೆ ಎಲ್ಲ ತಣ್ಣಗಾಗಿ ಅವರವರ ಕೆಲಸ ಹಿಡಿದರು. ಬೇಕರಿ ಅಕ್ಕ ಮಾತ್ರ, ತನ್ನದೊಂದು ಕೆಂಪು ತುಂಡು ಮೂಲೆಯಲ್ಲಿ ಓರೆಯಾಗಿದೆ, ಬಿಚ್ಚಿ ಸರಿಮಾಡುತ್ತೇನೆಂದು ಕೌದಿ ಎತ್ತಿಕೊಂಡು ಹೋಗಿ ಸ್ಟೂಲಿನ ಮೇಲೆ ಕೂತಳು.

"ಯಾವ ಸ್ಟೂಲು?"

"ಗೋಡೆ ಕಡೆ ಮುಖ ಮಾಡಿರುತ್ತಲ್ಲ, ಬಿಚ್ಚೋ ಸ್ಟೂಲು. ಹೊಲಿದಿದ್ದನ್ನ ಬಿಚ್ಚೋದು ಅಂದ್ರೆ ನಮಗೆಲ್ಲ ನಾಚಿಕೆ ಮಾವ. ಅದಕ್ಕೆ ಯಾರು ಅಲ್ಲಿ ಕೂತರೂ ಉಳಿದೋರು ಆ ಕಡೆ ತಿರುಗಿ ನೋಡಲ್ಲ, ಏನು ಎತ್ತ ಅಂತ ಕೇಳಲ್ಲ. ಕೂಟ ಶುರುವಾದಾಗಿಂದ ಹಾಗೇ."

"ಆಮೇಲೆ?"

"ಅಕ್ಕನೇ ಮಡಿಸಿ ಅಜ್ಜಿ ಕೈಗೆ ಕೊಟ್ಲು. ಅಜ್ಜಿ ಬೀರುವಿಗಿಟ್ಟು ಕೀ ಹಾಕಿದ್ರು. ಇವತ್ತು ನಮ್ಮೆದುರಿಗೇ ತೆಗೆದ್ರು."

"ಬಟ್ಟೆ ಎಲ್ಲಿಂದ ಬರುತ್ತೆ ನಿಮಗೆ?"

"ಬಾಗಿಲ ಹೊರಗೆ ಒಂದು ಚೀಲ ನೇತುಹಾಕಿದ್ದೀವಿ. ಯಾರು ಬೇಕಾದರೂ ಹಳೇ ಬಟ್ಟೆ ಹಾಕಿ ಹೋಗ್ತಾರೆ. ಯಾರದು ಅಂತ ನಾವು ಕೇಳಲ್ಲ. ಆ ನೀಲಿದು ಒಂದು ಪುಟ್ಟ ಫ್ರಾಕು. ಅದರ ಕೆಳಭಾಗ ಕತ್ತರಿಸಿ ಮಿಸ್ ತುಂಡು ಮಾಡಿದ್ರು."

ಮಾವ ಕೌದಿಯ ಮೂಲೆ ಹುಡುಕಿ ಕೆಂಪು ತುಂಡನ್ನು ಬಹಳ ಹೊತ್ತು ನೋಡಿದರು. ನರ್ಸಮ್ಮ ಎಲ್ಲರ ಮೊಬೈಲಿಗೂ ಕಳಿಸಿದ್ದ ಫೋಟೋವನ್ನು ಸೊಸೆ ದೊಡ್ಡದು ಮಾಡಿ ತೋರಿಸಿದಳು. ಹಳದಿ ಹೂವಿನ ನೀಲಿ ಬಟ್ಟೆ, ಅಡ್ಡಕ್ಕೆ ಎರಡು ಗಾಢವಾದ ಪಟ್ಟಿ, ಅವುಗಳ ಮೇಲ್ಗಡೆ ಉಬ್ಬಿದ ಒಂದು ಮಡಿಕೆ. ಮಾವ ಅದನ್ನು ನೋಡುತ್ತ ನೋಡುತ್ತ ಕನ್ನಡಕ ತೆಗೆದರು. ಮುಖ ಕಳೆಗುಂದಿತು.

"ಗೊತ್ತಾಯ್ತಾ ಮಾವ?"

"ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು," ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಅರ್ಧ ಗಂಟೆಯ ಮೇಲೆ ಅವರು ಬೇಕರಿಯಿಂದ ಆರು ಸಿಹಿ ಬನ್ನು ಹಿಡಿದುಕೊಂಡು ಬಂದರು. ಸಕ್ಕರೆ ಕಾಯಿಲೆಯ ಮನುಷ್ಯ! ಸೊಸೆ ಬೈಯಲು ಬಾಯಿ ತೆರೆದಳು. ಮಾವ ಪೊಟ್ಟಣವನ್ನು ಬಿಚ್ಚದೆ ಮೂಲೆಗಿಟ್ಟು, ಗೋಡೆ ನೋಡುತ್ತ ಕೂತರು.

ಮಂಗಳವಾರ ಮಧ್ಯಾಹ್ನ ಮಾವ ಕೌದಿ ಹೊತ್ತುಕೊಂಡು ಮೆಟ್ಟಿಲು ಹತ್ತಿ ಕೂಟದ ಕೋಣೆಗೆ ಬಂದರು. ಅಜ್ಜಿಯನ್ನು ಸೊಸೆ ಕೈಹಿಡಿದು ಕರೆತಂದಿದ್ದಳು. ಕಿಟಕಿಯಾಚೆ ಬೂದು ಬಣ್ಣದ ಆಕಾಶ ಮನೆಗಳ ಮೇಲೆ ಕವುಚಿಕೊಂಡಿತ್ತು. ಹಗಲಲ್ಲೇ ದೀಪ ಹಾಕಬೇಕಾಯಿತು. ಮೇಜಿನ ಸುತ್ತ ಕೂತ ಐವರೂ ತೂತಿನ ಕಡೆಗೊಮ್ಮೆ, ಪರಸ್ಪರರ ಕಡೆಗೊಮ್ಮೆ ನೋಡಿ ಕಣ್ಣು ತಪ್ಪಿಸಿದರು.

"ಮಿಸ್, ನಿಮ್ಮ ಮೇಲೆ ಸಿಟ್ಟಿದ್ದೋರು ಈ ತುಂಡು ತೆಗೆದ್ರು ಅಂತ ತಾನೇ ನಿಮ್ಮ ಲೆಕ್ಕ?" ಎಂದು ಮಾವ ಶುರುಮಾಡಿದರು. "ಸಿಟ್ಟು ಬಂದ ಕೈ ಕತ್ತರಿ ಹಿಡಿಯುತ್ತೆ, ಪರಪರ ಎಳೆಯುತ್ತೆ. ಈ ಕೈ ಆ ಬಟ್ಟೆಗೆ ಎಲ್ಲಿ ನೋವಾಗುತ್ತೋ ಅಂತ ಹೆದರಿ ಹೆದರಿ ಬಿಚ್ಚಿದೆ. ಅಜ್ಜಿ ಕೈಯಲ್ಲಿ ಸೂಜಿ ಒಂದು ಕಡೆ ನಿಲ್ಲಲ್ಲ. ಅವರು ಬಿಚ್ಚಿದ್ದಿದ್ರೆ ಸುತ್ತಲಿನ ನಾಲ್ಕು ತುಂಡೂ ಜಾಲರಿ ಆಗಿರೋದು."

"ಬೇರೆಯವರಿಗೆ ಕೀ ಕೊಟ್ಟಿರಬಹುದಲ್ಲ," ಎಂದರು ಹೆಡ್‌ಮಿಸ್, ಪಟ್ಟು ಬಿಡದೆ.

"ಕೀ ಬೇಕಾಗೇ ಇರಲಿಲ್ಲ. ಬೀರುವಿನಿಂದ ಯಾರೂ ಏನೂ ಕದ್ದಿಲ್ಲ. ಕೌದಿ ಒಳಗೆ ಹೋಗೋ ಮೊದಲೇ ಈ ತೂತಿತ್ತು. ಮಡಿಸಿ ಕೊಟ್ಟಿದ್ದನ್ನ ಅಜ್ಜಿ ಹಾಗೇ ಇಟ್ಟು ಕೀ ಹಾಕಿದ್ದಾರೆ."

"ನಾವು ಐದು ಜನ ಇಲ್ಲೇ ಇದ್ವಿ! ನಮ್ಮ ಕಣ್ಣೆದುರಿಗೇ?" ಎಂದಳು ನರ್ಸಮ್ಮ.

"ಕಣ್ಣೆದುರಿಗಲ್ಲ, ಬೆನ್ನ ಹಿಂದೆ. ಈ ಕೋಣೇಲಿ ಒಂದು ಜಾಗ ಇದೆ. ಅಲ್ಲಿ ಕೂತೋರನ್ನ ನೀವು ಯಾರೂ ನೋಡಲ್ಲ. ಒಳ್ಳೇ ಮನಸ್ಸಿಂದಲೇ ನೋಡಲ್ಲ."

ನಾಲ್ಕು ತಲೆಗಳು ಗೋಡೆ ಪಕ್ಕದ ಸ್ಟೂಲಿನ ಕಡೆ ತಿರುಗಿದವು. ಒಂದು ತಿರುಗಲಿಲ್ಲ.

"ಶುಕ್ರವಾರ ಒಬ್ಬರು ಅಲ್ಲಿ ಕೂತಿದ್ರು, ಮೂಲೆಯ ಕೆಂಪು ತುಂಡು ಸರಿಮಾಡ್ತೀನಿ ಅಂತ. ಬಟ್ಟೆ ಸೂಜಿಯನ್ನ ಮರೆಯಲ್ಲಮ್ಮ. ಬಿಚ್ಚಿ ಮತ್ತೆ ಹೊಲಿದ್ರೆ ಹಳೇ ತೂತಿನ ಸಾಲೊಂದು, ಹೊಸ ಸಾಲೊಂದು ಇರಲೇಬೇಕು. ಕೆಂಪು ತುಂಡಲ್ಲಿ ಇರೋದು ಒಂದೇ ಸಾಲು. ಅದನ್ನ ಯಾರೂ ಮುಟ್ಟೇ ಇಲ್ಲ. ಫೋಟೋದಲ್ಲಿ ಅದು ಓರೆಯಾಗೂ ಇಲ್ಲ. ಹಾಗಾದ್ರೆ ಅಷ್ಟು ಹೊತ್ತು ಆ ಸೂಜಿ ಬಿಚ್ಚಿದ್ದೇನನ್ನ?"

ಯಾರೂ ಬೇಕರಿ ಅಕ್ಕನ ಮುಖ ನೋಡಲಿಲ್ಲ. ಆದರೂ ಕೋಣೆಯೆಲ್ಲ ಅವಳ ಕಡೆಗೇ ವಾಲಿದಂತಿತ್ತು.

"ಇನ್ನು ಆ ನೀಲಿ ಬಟ್ಟೆ." ಮಾವನ ದನಿ ಇಳಿಯಿತು. "ಬೆಳೆಯೋ ಮಗುವಿಗೆ ಫ್ರಾಕು ಹೊಲಿಯೋವಾಗ ಕೆಳಗಡೆ ಮಡಿಕೆ ಇಟ್ಟು ಹೊಲಿತಾರೆ. ಮಗು ಉದ್ದವಾದ ಹಾಗೆ ಒಂದೊಂದೇ ಬಿಚ್ಚಿದ್ರೆ ಫ್ರಾಕೂ ಉದ್ದವಾಗುತ್ತೆ. ಮಡಿಕೆ ಒಳಗಿದ್ದ ಬಟ್ಟೆ ಬಿಸಿಲು ಕಂಡಿರಲ್ಲ, ಅದಕ್ಕೆ ಬಿಚ್ಚಿದ ಜಾಗ ಗಾಢವಾದ ಪಟ್ಟಿಯಾಗಿ ಉಳಿಯುತ್ತೆ. ಈ ಫ್ರಾಕಿಗೆ ಮೂರು ಮಡಿಕೆ ಇಟ್ಟಿದ್ರು. ಎರಡು ಬಿಚ್ಚಿದ್ದಾರೆ. ಮೂರನೇದು ಹಾಗೇ ಇದೆ. ಬಿಚ್ಚೋ ಅಗತ್ಯ ಬೀಳಲಿಲ್ಲ."

ಸೊಸೆಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಅರ್ಥವಾಗಬಾರದಿತ್ತು ಅನ್ನಿಸಿತು.

"ನಿನ್ನೆ ನಾನು ಬನ್ನು ತರೋ ನೆಪದಲ್ಲಿ ಹೋಗಿ ಒಬ್ಬರ ಹತ್ರ ಮಾತಾಡಿದೆ. ಮನೆಯಲ್ಲೊಂದು ಪುಟ್ಟ ಬಟ್ಟೆಗಳ ಪೆಟ್ಟಿಗೆ ಇತ್ತಂತೆ. ನೋಡೋಕಾಗದೆ, ಹೆಂಡತಿಗೆ ಹೇಳದೆ, ಒಂದು ದಿನ ಎಲ್ಲಾನೂ ತಂದು ನಿಮ್ಮ ಚೀಲಕ್ಕೆ ಸುರಿದ್ರಂತೆ. ಮಕ್ಕಳಿಗೇ ಹೋಗುತ್ತಲ್ಲ ಅಂತ. ಯಾರು ಅಂತ ನಾನು ಹೇಳಲ್ಲ ಮಿಸ್. ಅಜ್ಜಿ ಅಲ್ಲ. ಅಷ್ಟು ಸಾಕಲ್ವಾ?"

"ನಾನೇ," ಎಂದಳು ಬೇಕರಿ ಅಕ್ಕ.

ಎರಡು ವರ್ಷದ ಹಿಂದೆ ಈ ಊರಿಗೆ ಬಂದವಳು. ಮಕ್ಕಳಿಲ್ಲವಾ ಎಂದು ಯಾರೋ ಕೇಳಿದ್ದಕ್ಕೆ, "ಇರೋದೊಂದು ದೊಡ್ಡ ಮಗು, ಒಲೆ ಮುಂದೆ ಕೂತಿದೆ," ಎಂದು ಗಂಡನನ್ನು ತೋರಿಸಿ ನಗಿಸಿದ್ದವಳು. ಈಗ ರವಿಕೆಯೊಳಗಿಂದ ಮಡಿಸಿದ ನೀಲಿ ತುಂಡು ತೆಗೆದು ಮೇಜಿನ ಮೇಲಿಟ್ಟಳು. ಬೆರಳು ಮಾತ್ರ ಅದರ ಮೇಲೆಯೇ ಇತ್ತು.

"ಕೇಳಿದ್ರೆ ಕೊಡ್ತಿದ್ವಲ್ಲಮ್ಮ," ಎಂದರು ಹೆಡ್‌ಮಿಸ್. ಅವರ ದನಿಯಲ್ಲಿ ಶಾಲೆ ಇರಲಿಲ್ಲ.

"ಕೇಳಿದ್ರೆ ಯಾಕೆ ಅಂತ ನೀವು ಕೇಳ್ತಿದ್ರಿ ಮಿಸ್. ಆ ಮಾತು ನಾನು ಇಲ್ಲಿ ಯಾರ ಹತ್ರಾನೂ ಆಡಿಲ್ಲ. ಇಲ್ಲಿ ಅದು ಯಾರಿಗೂ ಗೊತ್ತಿಲ್ಲ ಅಂತಲೇ ಬರ್ತಿದ್ದೆ." ಬೆರಳಿಂದ ಮಡಿಕೆ ಸವರಿದಳು. "ಆ ಫ್ರಾಕಿನ ಉಳಿದ ಬಟ್ಟೆ?"

ಹೆಡ್‌ಮಿಸ್ ನರ್ಸಮ್ಮನ ಕಡೆ ನೋಡಿದರು. ನರ್ಸಮ್ಮ ಮೆಲ್ಲಗೆ ಹೇಳಿದಳು, "ಚೂರು ಮಾಡಿ ದಿಂಬಿಗೆ ತುಂಬಿದ್ವಿ ಅಕ್ಕ. ಹೋದ ತಿಂಗಳೇ ವಾರ್ಡಿಗೆ ಹೋಯ್ತು. ಯಾವ ದಿಂಬು ಅಂತ ಹೇಗೆ ಹೇಳಲಿ..."

ಅಕ್ಕ ತಲೆಯಾಡಿಸಿದಳು.

ಹೆಡ್‌ಮಿಸ್ ಎದ್ದು ಅಜ್ಜಿಯ ಮುಂದೆ ನಿಂತರು. "ನನ್ನಿಂದ ತಪ್ಪಾಯ್ತು ಅಜ್ಜಿ."

"ನಿಮ್ಮದು ಬಿಡಿ ಮಿಸ್, ನಿಮಗೆ ಗೊತ್ತಿರಲಿಲ್ಲ." ಅಜ್ಜಿಯ ಕಣ್ಣು ಅಕ್ಕನ ಮೇಲಿತ್ತು. "ಇವಳಿಗೆ ಗೊತ್ತಿತ್ತು. ನಿನ್ನೆ ಇದೇ ಕೋಣೇಲಿ ನನ್ನ ಕಳ್ಳಿ ಮಾಡಿದ್ರು, ಇವಳು ನೆಲ ನೋಡ್ತಾ ನಿಂತಿದ್ಲು. ನಾನು ಮೆಟ್ಟಿಲ ಮೇಲೆ ಕೂತಿದ್ದಾಗ ನನ್ನ ದಾಟಿಕೊಂಡೇ ಮನೆಗೆ ಹೋದಳು."

"ಹೌದು," ಎಂದಳು ಅಕ್ಕ. "ದಾಟಿಕೊಂಡೇ ಹೋದೆ. ಬಾಯಿ ಬಿಟ್ರೆ ಎಲ್ಲಾ ಹೇಳಬೇಕಾಗುತ್ತೆ ಅಂತ. ನಿಮಗೆ ಮಾಡಿದ್ದು ದೊಡ್ಡ ಅನ್ಯಾಯ ಅಜ್ಜಿ. ನಾಳೆಯಿಂದ ನಾನೇ ಬರಲ್ಲ. ನೀವಿರಿ."

ಅಜ್ಜಿ ಸೆರಗು ಹೊದ್ದು ಬಾಗಿಲ ಕಡೆ ನಡೆದಳು. ಸೊಸೆ ತಡೆಯಲು ಏಳುವಷ್ಟರಲ್ಲಿ ಮಾವ ಕಣ್ಣಲ್ಲೇ ಬೇಡವೆಂದರು. ಹೊಸ್ತಿಲ ಹತ್ತಿರ ಅಜ್ಜಿ ನಿಂತಳು. ತಿರುಗದೆಯೇ ಕೇಳಿದಳು.

"ಎಷ್ಟು ಎತ್ತರ ಇದ್ದಳು?"

ಅಕ್ಕ ಕುರ್ಚಿಯಿಂದ ಎದ್ದಳು. ನೆಲ ನೋಡಿದಳು. ಬಲಗೈ ಚಾಚಿ, ಅಂಗೈಯನ್ನು ಗಾಳಿಯಲ್ಲಿ ಮಟ್ಟಸ ಹಿಡಿದಳು. ಸೊಂಟಕ್ಕಿಂತ ನಾಲ್ಕು ಬೆರಳು ಮೇಲೆ. ಒಂಚೂರು ಇಳಿಸಿದಳು.

"ಇಷ್ಟು."

ಬೆರಳುಗಳು ತಾವಾಗಿಯೇ ಬಾಗಿದವು, ಕೂದಲ ಮೇಲೆ ಆಡುವ ಹಾಗೆ. ಅಜ್ಜಿ ತಿರುಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಅಕ್ಕ ಕೈ ಇಳಿಸಲಿಲ್ಲ. ಇಳಿಸಲು ಅವಳಿಗೆ ಆಗುತ್ತಿಲ್ಲವೆಂದು ಸೊಸೆಗೆ ಗೊತ್ತಾಯಿತು. ಅಜ್ಜಿಗೂ ಗೊತ್ತಾಗಿರಬೇಕು.

"ಕೈ ನೋಯುತ್ತೆ ಕಣೆ," ಎನ್ನುತ್ತ ಅಜ್ಜಿ ವಾಪಸು ಬಂದಳು. ಅಕ್ಕನ ಪಕ್ಕಕ್ಕೆ ಒಂದು ಕುರ್ಚಿ ಎಳೆದುಕೊಂಡು ಕೂತಳು. ಆ ಚಾಚಿದ ಮೊಣಕೈಯ ಕೆಳಗೆ ತನ್ನ ಕೈಯನ್ನು ಆನಿಸಿ ಹಿಡಿದಳು.