ಯೋಕೋಹಾಮಾ ನಂಬರಿನ ಗಾಡಿ

"ಇದು ಆಜ್ಞೆನಾ, ವಿನಂತಿನಾ? ಅದೊಂದು ಹೇಳಿಬಿಡಿ ಮೇಡಂ, ನಾನು ಹೊರಡ್ತೀನಿ."

ಟೌನ್ ಆಫೀಸಿನ ಕೌಂಟರಿಗೆ ಇಳಿಬಿಟ್ಟ ಪ್ಲಾಸ್ಟಿಕ್ ಪರದೆಯ ಆಚೆ ನಿಂತು ತೋಕುನಾಗಾ ಕೇಳಿದ. ಈ ವಾರ ಇದು ನಾಲ್ಕನೇ ಸಲ. ಕೌಂಟರಿನೊಳಗೆ ಕೂತಿದ್ದ ಮಿಫುಯುಗೆ ತಲೆ ಚಿಟ್ಟು ಹಿಡಿದಿತ್ತು.

"ವಿನಂತಿ."

"ಹಾಗಾದ್ರೆ ಬೇಡ ಅನ್ನಬಹುದು."

"ಅನ್ನಬಹುದು. ಆದ್ರೆ ಯಾರೂ ಅನ್ನಲ್ಲ."

"ಮತ್ತೆ ಅದಕ್ಕೆ ಆಜ್ಞೆ ಅಂತಲೇ ಹೆಸರಿಡಬೇಕಿತ್ತು."

ಮಾಸ್ಕಿನ ಮೇಲೆ ಅವನ ಕಣ್ಣುಗಳ ಮೂಲೆ ಸಣ್ಣಗೆ ಮಡಿಚಿಕೊಂಡಿತು. ನಗುತ್ತಿದ್ದಾನೆ. ಮಿಫುಯು ತಟ್ಟನೆ ಸ್ಟಿಕರಿನ ಕಟ್ಟಿನತ್ತ ಮುಖ ತಗ್ಗಿಸಿದಳು. ಆ ಕಣ್ಣನ್ನು ನೋಡಿದರೆ ಹೇಳಬೇಕಾದ ಮಾತು ಮರೆತುಹೋಗುತ್ತದೆ.

ಹೊರಗಿನ ನಂಬರಿನ ಗಾಡಿ ಇರುವ ಊರವರಿಗೆ ಆಫೀಸು ಹಂಚುತ್ತಿದ್ದ ಆ ಸ್ಟಿಕರಿನಲ್ಲಿ ಇದ್ದದ್ದು ಒಂದೇ ಸಾಲು: ನಾನು ಈ ಪ್ರಾಂತ್ಯದ ನಿವಾಸಿ. ಹೊರಗಿನ ನಂಬರ್ ಪ್ಲೇಟಿನ ಗಾಡಿ ಕಂಡರೆ ಸಾಕು, ರೋಗವೇ ಡ್ರೈವ್ ಮಾಡಿಕೊಂಡು ಬಂದಿದೆ ಎಂಬಂತೆ ಜನ ಕಿಟಕಿ ಮುಚ್ಚುತ್ತಿದ್ದ ದಿನಗಳು. ತೋಕುನಾಗಾ ಈ ಪೇಟೆಗೆ ಬಂದು ಎರಡು ವರ್ಷವಾಗಿತ್ತು. ಮುಚ್ಚಿಹೋಗಿದ್ದ ತೋಫು ಅಂಗಡಿಯನ್ನು ತೆರೆದು, ಆ ಸೋಯಾ ಪನೀರನ್ನು ಬೀದಿ ಬೀದಿಗೆ ಗಾಡಿಯಲ್ಲಿ ಮಾರುತ್ತಿದ್ದ. ಗಾಡಿ ಮಾತ್ರ ತೋಕಿಯೋ ಪಕ್ಕದ ಯೋಕೋಹಾಮಾದಲ್ಲಿರುವ ಅಕ್ಕನ ಹೆಸರಿನಲ್ಲಿತ್ತು; ನಂಬರೂ ಅಲ್ಲಿಯದೇ.

"ನಂಬರಾದರೂ ಬದಲಾಯಿಸಬಾರದೇ?"

"ಅಕ್ಕನ ಕಾಗದ ಬೇಕು. ಅಕ್ಕ ಕಚೇರಿಗೆ ಹೋಗಲ್ಲ. ಅನಗತ್ಯವಾಗಿ ಓಡಾಡಬೇಡಿ ಅಂತ ಸರ್ಕಾರ ಹೇಳಿದೆಯಂತೆ. ನಾನೇ ಹೋಗಿ ತರೋಣ ಅಂದ್ರೆ, ಅಲ್ಲಿಂದ ಬಂದವನು ಎರಡು ವಾರ ಹೊಸ್ತಿಲು ದಾಟಬಾರದು ಅಂತ ದಿನಾ ಮೈಕಿನಲ್ಲಿ ಓದೋರು ಯಾರು?"

ಓದುವವಳು ಅವಳೇ. ಬೆಳಗ್ಗೆ ಹತ್ತಕ್ಕೆ ಪೇಟೆಯ ಕಂಬಕಂಬದ ಸ್ಪೀಕರಿನಿಂದ ಕೇಳುವ ದನಿ ಮಿಫುಯುವಿನದು. ಎದುರಿಗೆ ಇಬ್ಬರಿದ್ದರೆ ನಾಲಿಗೆ ತೊದಲುವ ಹುಡುಗಿ, ಎದುರಿಗೆ ಯಾರೂ ಇಲ್ಲದ್ದರಿಂದ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದಳು.

"ನಿಮ್ಮ ಅಮ್ಮನೇ ವಾರಕ್ಕೆ ಮೂರು ಸಲ ನನ್ನ ತೋಫು ತಿಂದೋರು. ನಾನು ಇಲ್ಲಿಯವನು ಅನ್ನೋಕೆ ಚೀಟಿ ಅಂಟಿಸಿಕೊಳ್ಳಬೇಕಾ?" ಎಂದು ಅವನು ಹೊರಟೇಬಿಟ್ಟ.

ಆ ಅಮ್ಮ ಈಗ ಸೂಪರ್ ಮಾರ್ಕೆಟಿನ ತೋಫು ತರುತ್ತಿದ್ದಳು. "ನಮ್ಮ ಪ್ರಾಂತ್ಯದಲ್ಲಿ ಇನ್ನೂ ಒಬ್ಬರಿಗೂ ಬಂದಿಲ್ಲ. ಮೊದಲನೆಯವಳು ನೀನಾದ್ರೆ ಊರು ಬಿಡಬೇಕಾಗತ್ತೆ. ರೋಗಕ್ಕಲ್ಲ ಕಣೇ ನಾನು ಹೆದರೋದು, ಎದುರುಮನೆಯವರಿಗೆ."

ಮರುದಿನ ಬೆಳಗ್ಗೆ ಅವನು ಒಳಗೆ ಸೋಯಾ ಬೇಯಿಸುತ್ತಿದ್ದಾಗ ಮಿಫುಯು ಮೆಲ್ಲಗೆ ಹೋಗಿ ಗಾಡಿಯ ಹಿಂದಿನ ಗಾಜಿಗೆ ಸ್ಟಿಕರ್ ಅಂಟಿಸಿ ಓಡಿಬಂದಳು. ಬಾಯಲ್ಲಿ ಹೇಳಲಾಗದ್ದನ್ನು ಅಂಟಿನಲ್ಲಿ ಹೇಳಿದಂತೆ ಅವಳಿಗೆ ಅನಿಸಿತ್ತು.

ಒಂಬತ್ತಕ್ಕೆ ಅವನು ಕೌಂಟರಿನ ಮುಂದಿದ್ದ. ಕಣ್ಣಿನ ಮೂಲೆ ಮಡಿಚಿರಲಿಲ್ಲ. ಹರಿದ ಸ್ಟಿಕರನ್ನೂ, ವೈಪರಿನಡಿ ಸಿಕ್ಕಿದ ಮೂರು ಚೀಟಿಗಳನ್ನೂ ಮುಂದಿಟ್ಟ. ಒಂದೊಂದು ಚೀಟಿಯಲ್ಲಿ ಒಂದೊಂದು ಸಾಲು: ನಿನ್ನ ಊರಿಗೆ ಹೋಗು. ಇಲ್ಲಿ ಮುದುಕರಿದ್ದಾರೆ. ದಯವಿಟ್ಟು ಅರ್ಥಮಾಡಿಕೊಳ್ಳಿ.

"ಚೀಟಿ ಇಟ್ರು, ಸಹಿಸಿಕೊಂಡೆ. ಇವತ್ತು ಗಾಡಿಗೇ ಮುದ್ರೆ ಒತ್ತಿ ಹೋಗಿದ್ದಾರೆ. ಕದ್ದು. ಇದರಲ್ಲೂ ಹೆಸರಿಲ್ಲ. ಶನಿವಾರ ಬಾಗಿಲು ಹಾಕ್ತೀನಿ ಮೇಡಂ. ಯೋಕೋಹಾಮಾಗೇ ಹೋಗ್ತೀನಿ."

ಮಿಫುಯು ಬಾಯಿ ತೆರೆದಳು. ಮಾಸ್ಕಿನ ಹಿಂದೆ ತೆರೆದ ಬಾಯಿ ಯಾರಿಗೂ ಕಾಣಲಿಲ್ಲ.

ಶುಕ್ರವಾರ ಬಂತು. ಓದಲು ಹೊಸ ಕಾಗದ ಕೊಟ್ಟರು ವಿಭಾಗದ ಮುಖ್ಯಸ್ಥ ಹಟಾನಾಕಾ. ಸರ್ಕಾರ ಮನೆಗೆ ಎರಡರಂತೆ ಹಂಚಿದ್ದ ಪುಟ್ಟ ಬಟ್ಟೆ ಮಾಸ್ಕು ಅವರ ಮೂಗು ಮುಚ್ಚಿದರೆ ಗಲ್ಲ ಬಿಡುತ್ತಿತ್ತು.

ಮಿಫುಯು ಮೊದಲು ಮನಸ್ಸಿನಲ್ಲೇ ಓದಿಕೊಂಡಳು: ಪ್ರವಾಸಕ್ಕೆ ರಿಯಾಯಿತಿ ಆರಂಭ. ಹೊರಗಿನವರನ್ನು ನಗುಮೊಗದಿಂದ ಬರಮಾಡಿಕೊಳ್ಳೋಣ.

"ಸರ್, ಹೋದ ಶುಕ್ರವಾರ ಹೊರಗಿನವರನ್ನ ಭೇಟಿಯಾಗಬೇಡಿ ಅಂತ ಓದಿದ್ದೆ. ಯಾವುದು ನಿಜ?"

"ಎರಡೂ ತೋಕಿಯೋದಿಂದಲೇ ಬಂದಿದ್ದಮ್ಮ."

"ಜನ ಯಾವುದನ್ನ ನಂಬಬೇಕು?"

"ನೀನು ಓದು ತಾಯಿ. ನಂಬೋಕೆ ನಿಂಗ್ಯಾರು ಹೇಳಿದ್ರು?"

ಅವಳು ಮೈಕಿನಲ್ಲಿ ಓದಿದಳು. ಮೀನುಪೇಟೆಯ ಮೇಲೆ, ಅವನ ಅಂಗಡಿಯ ಮೇಲೆ ಅವಳದೇ ದನಿ ಹಾದುಹೋಯಿತು. ಒಬ್ಬ ಮನುಷ್ಯನನ್ನು ಊರು ಬಿಡಿಸಿದ ಮೇಲೆ ನಗುಮೊಗವಂತೆ! ಮೈಕ್ ಆರಿಸಿ ಒಂದು ಗಂಟೆ ರಜೆ ಬರೆದಿಟ್ಟು ಹೊರಟಳು.

ಗಾಡಿ ಮೀನುಪೇಟೆಯ ತಿರುವಿನಲ್ಲಿತ್ತು. ಗಿರಾಕಿ ಒಬ್ಬಳೇ, ಕೈಯಲ್ಲಿ ಪಾತ್ರೆ ಹಿಡಿದ ಅಜ್ಜಿ.

"ಸ್ಟಿಕರ್ ಅಂಟಿಸಿದ್ದು ನಾನು," ಎಂದಳು ಮಿಫುಯು.

ತೋಫು ಎತ್ತುತ್ತಿದ್ದ ಅವನ ಕೈ ನೀರಿನಲ್ಲೇ ನಿಂತಿತು. "ನೀವಾ? ಬೇರೆ ಯಾರೇ ಆಗಿದ್ರೂ ಪರವಾಗಿರ್ಲಿಲ್ಲ."

"ಗೊತ್ತು."

"ನಿಮಗೂ ಚೀಟಿ ಬೇಕಾಯ್ತಾ, ನಾನು ಯಾರು ಅಂತ ತಿಳ್ಕೊಳ್ಳೋಕೆ?"

"ನನಗಲ್ಲ, ಎದುರುಮನೆಯವರಿಗೆ. ಅವರ ಪರವಾಗಿ ನಿಮ್ಮ ಹತ್ರ ಬಂದೆ. ನಿಮ್ಮ ಪರವಾಗಿ ಅವರ ಹತ್ರ ಹೋಗಬೇಕಿತ್ತು. ಧೈರ್ಯ ಬರಲಿಲ್ಲ." ಉಸಿರು ಎಳೆದುಕೊಂಡಳು. "ಹೋಗಬೇಡಿ. ನೀವು ಹೋದ್ರೆ ಕೌಂಟರಲ್ಲಿ ನಾನು ಯಾರ ಮೇಲೆ ರೇಗಲಿ?"

"ರೇಗೋಕೆ ಮಾತ್ರನಾ ನಾನು?"

"ಅಲ್ಲ." ಕಿವಿ ಕೆಂಪಾಯಿತು. ಕಿವಿಗೆ ಮಾಸ್ಕಿಲ್ಲವಲ್ಲ. "ಅಷ್ಟಕ್ಕೇ ಅಲ್ಲ."

"ಅದನ್ನ ಆಮೇಲೆ ಹೇಳೇ ಹುಡುಗಿ," ಎಂದಳು ಅಜ್ಜಿ. "ಮೊದಲು ನನ್ನ ತೋಫು ಕೊಡಿಸು. ಬಿಸಿಲು ಏರ್ತಾ ಇದೆ."

ಅಜ್ಜಿ ತೋಫು ತೆಗೆದುಕೊಂಡು ಹೋದಳು. ಅವನು ಕೈ ಒರೆಸಿಕೊಂಡು ಮಿಫುಯುವನ್ನೇ ನೋಡಿದ. ಕಣ್ಣಿನ ಮೂಲೆ ಇನ್ನೇನು ಮಡಿಚುವುದರಲ್ಲಿತ್ತು, ಅಷ್ಟರಲ್ಲಿ ಮಿಫುಯು ಮುಂದಿನ ಬಾಗಿಲು ತೆರೆದು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತೇಬಿಟ್ಟಳು.

"ಏನ್ರೀ ಇದು! ಈ ಗಾಡೀಲಿ ನಿಮ್ಮನ್ನ ನೋಡಿದ್ರೆ ಮಧ್ಯಾಹ್ನಕ್ಕೆ ಊರೆಲ್ಲ ಸುದ್ದಿ."

"ನಿಮ್ಮ ಮುಂದಿನ ಬೀದಿ ಯಾವುದು?"

"ನಿಮ್ಮನೆ ಬೀದಿ. ಅಮ್ಮ ಇರ್ತಾರೆ."

"ಎದುರುಮನೆಯವರೂ ಇರ್ತಾರೆ." ಮಿಫುಯು ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದಳು. "ನಿಧಾನಕ್ಕೆ ಓಡಿಸಿ. ಎಲ್ಲರೂ ಸರಿಯಾಗಿ ನೋಡಲಿ."