ಇಪ್ಪತ್ತೇಳನೆಯ ಕಾರ್ಡು

ಲಿಫ್ಟಿನ ಬಾಗಿಲು ಮುಚ್ಚಿಕೊಂಡ ಮೇಲೆ ನನ್ನ ಕಣ್ಣಿಗೆ ಬಿದ್ದದ್ದು ಕಂಬಳಿಯೊಳಗಿಂದ ಇಣುಕುತ್ತಿದ್ದ ಕೋವಿಯ ಬಾಯಿ.

"ಅಯ್ಯೋ ಎನ್ನ ಅಪ್ಪೇ!" ಎಂದು ತುಳುವಿನಲ್ಲಿ ಕಿರುಚಿದೆ. ಕುವೈತಿನ ಶರ್ಕ್ ಪೇಟೆಯ ಆ ಕಟ್ಟಡದಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ಹೊರಗೆ ಬಂದಿರಬೇಕು. ಕಂಬಳಿ ಹಿಡಿದುಕೊಂಡಿದ್ದ ಮನುಷ್ಯ ಮಾತ್ರ ಅಲ್ಲಾಡಲಿಲ್ಲ.

"ಓ, ಊರಿನವರಾ! ಹೆದರ್ಬೇಡಿ ಮಾರಾಯ್ರೆ. ಇದು ಕಡೇ ಸಲ ಸಿಡಿದಾಗ ನಿಮ್ಮ ಅಜ್ಜಿಗೆ ಹಲ್ಲೇ ಬಂದಿರ್ಲಿಲ್ಲ."

"ಹೆದರಿದ್ದು ಯಾರು? ಗಂಟಲು ಸರಿ ಮಾಡಿದ್ದು ನಾನು."

"ಹೌದೌದು. ಕೇಳಿತು."

ನಗುವಾಗ ಅವನ ಒಂದು ಕೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಅದನ್ನು ನೋಡಲೇಬಾರದೆಂದು ಲಿಫ್ಟಿನ ಗುಂಡಿಗಳನ್ನೇ ನೋಡುತ್ತ ನಿಂತೆ. ಏಳನೆಯ ಮಾಳಿಗೆಗೆ ಹೋಗಬೇಕಿದ್ದವಳು ಒಂಬತ್ತಕ್ಕೆ ಹೋಗಿ ಇಳಿದೆ.

ಅದು ೧೯೯೦ರ ಏಪ್ರಿಲ್. ನಾನು ಮುಲ್ಕಿಯ ಸುಗಂಧಿ, ಅಬೂ ಯೂಸುಫ್ ಎಂಬ ಹಿರಿಯ ಕುವೈತಿ ವ್ಯಾಪಾರಿಯ ಆಫೀಸಿಗೆ ಹೊಸದಾಗಿ ಸೇರಿದ್ದ ಟೈಪಿಸ್ಟ್. ಅವರನ್ನು ಎಲ್ಲರೂ ಬಾಬಾ ಎನ್ನುತ್ತಿದ್ದರು. ಕಂಬಳಿಯವನು ಕಾರ್ಕಳದ ರೋಹಿದಾಸ. ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಫಿಟ್ಟರ್ ಆಗಿದ್ದವನ ಕೈಚಳಕ ನೋಡಿ ಬಾಬಾ ಅವನನ್ನು ತಮ್ಮ ಮನೆಗೇ ಕರೆಸಿಕೊಂಡಿದ್ದರು. ಕೆಲಸ ಏನೆಂದರೆ, ಅವರ ಇಪ್ಪತ್ತಾರು ಹಳೆಯ ಕೋವಿಗಳನ್ನು ನೋಡಿಕೊಳ್ಳುವುದು. ನೂರು, ನೂರೈವತ್ತು ವರ್ಷದ ಕೋವಿಗಳು ಅವು. ಒಂದೊಂದಕ್ಕೂ ಒಂದೊಂದು ಕಾರ್ಡ್ ಟೈಪ್ ಮಾಡುವ ಕೆಲಸ ನನ್ನ ತಲೆಗೆ ಬಂತು.

ಕಾರ್ಡಿನಲ್ಲಿ ನಂಬರು, ಗುರುತು, ಸ್ಥಿತಿ, ಒಡೆಯ ಎಂಬ ಸಾಲುಗಳಿದ್ದವು. ಕೊನೆಯದು 'ಮುಂದಿನ ವಾರಸುದಾರ'. ಆ ಸಾಲು ಬೇಕೇ ಬೇಕೆಂದು ಬಾಬಾ ಹಟ ಹಿಡಿದಿದ್ದರು. ಇಪ್ಪತ್ತಾರು ಕಾರ್ಡುಗಳಲ್ಲೂ ಅದು ಖಾಲಿಯಿತ್ತು.

ಮಗ ಯೂಸುಫ್, "ಈ ಕಾಲದಲ್ಲಿ ಇದನ್ನೆಲ್ಲ ಯಾರು ಇಟ್ಟುಕೊಳ್ಳುತ್ತಾರೆ? ಲಂಡನ್ನಿನಲ್ಲಿ ಒಬ್ಬ ಡೀಲರ್ ಇದ್ದಾನೆ" ಎಂದಿದ್ದ. ಹತ್ತೊಂಬತ್ತರ ಮೊಮ್ಮಗಳು ರಮ್ಲಾ ಕಿವಿಯಿಂದ ವಾಕ್‌ಮನ್ ಕೂಡ ತೆಗೆಯದೆ, "ಬಾಬಾ, ಇಟ್ಸ್ ಜಸ್ಟ್ ಓಲ್ಡ್ ಐರನ್" ಎಂದಿದ್ದಳು.

ಜುಲೈಯಲ್ಲಿ ಬಾಬಾ ಸೋತು ತೀರ್ಮಾನ ಹೇಳಿದರು. ಸೆಪ್ಟೆಂಬರಿನೊಳಗೆ ಆ ಸಾಲಿನಲ್ಲಿ ಮನೆಯವರದೊಂದು ಹೆಸರು ಬೀಳದಿದ್ದರೆ ಖಲಾಸ್, ಕೋವಿಗಳು ಲಂಡನ್ನಿಗೆ. ಕೋವಿ ಹೋದರೆ ರೋಹಿದಾಸನ ಕೆಲಸವೂ ಹೋಗುತ್ತದೆ, ಇಕಾಮಾ ಎಂಬ ವಾಸದ ಪರವಾನಗಿ ರದ್ದಾಗುತ್ತದೆ, ಅವನು ಊರಿಗೆ. ನನಗೆ ಆ ತುಕ್ಕು ಕಬ್ಬಿಣದ ಮೇಲೆ ಎಂಥ ಪ್ರೀತಿಯೂ ಇರಲಿಲ್ಲ. ಆದರೂ ಆ ದಿನ ಟೈಪ್‌ರೈಟರಿನ ಮೇಲೆ ನನ್ನ ಬೆರಳು ಹೊಡೆದ ಪೆಟ್ಟಿಗೆ ರಿಬ್ಬನ್ನೇ ಹರಿಯಿತು.

ಏಕೆಂದರೆ ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ದಿನಾ ಹನ್ನೊಂದು ಗಂಟೆಗೆ ಅವನು ಕಾರ್ಡುಗಳನ್ನು ಹಿಡಿದು ನನ್ನ ಮೇಜಿನ ಮುಂದೆ ಹಾಜರು.

"ಹದಿನಾಲ್ಕರಲ್ಲಿ ಬೆಳ್ಳಿ ಪಟ್ಟಿ ಮೂರು. ನೀವು ಎರಡು ಹಾಕಿದ್ದೀರಿ."

"ಒಂದು ಪಟ್ಟಿ ಹೆಚ್ಚುಕಡಿಮೆ ಆದ್ರೆ ಆಕಾಶ ಬೀಳ್ತದಾ?"

"ಆಕಾಶ ಬೀಳೋದಿಲ್ಲ. ನಾಳೆ ನಾನು ಪುನಃ ಬರ್ಬೇಕಾಗ್ತದೆ, ಅಷ್ಟೆ."

ಇಪ್ಪತ್ತಾರನ್ನೂ ಮೂರು ಸಲ ಟೈಪ್ ಮಾಡಿಸಿದ. ನನ್ನ ರೂಮ್‌ಮೇಟ್ ನರ್ಸ್ ಕ್ಲಾರಾ ಕೇಳಿಯೇ ಬಿಟ್ಟಳು: "ತಪ್ಪು ಮಾಡ್ಲಿಕ್ಕೆ ನಿನಗೆ ಖುಷಿ, ತಿದ್ಲಿಕ್ಕೆ ಅವನಿಗೆ ಖುಷಿ. ಮದುವೆ ಯಾವಾಗ ಮಾರಾಯ್ತಿ?"

ಒಮ್ಮೆ ಅವನನ್ನೇ ಕೇಳಿದೆ, "ಈ ಹಳೇ ಕೋವಿಯ ಹುಚ್ಚು ನಿಮಗೆ ಯಾಕೆ?"

"ಅಜ್ಜನ ಕೇಪಿನ ಕೋವಿ ಒಂದಿತ್ತು" ಎಂದ. "ಆಯುಧ ಪೂಜೆಗೆ ಅದಕ್ಕೆ ಗಂಧ ಹಚ್ಚಿ ಹೂ ಇಡ್ತಿದ್ರು. ಅಜ್ಜ ಹೋದ ಮೇಲೆ ಲೈಸೆನ್ಸಿಗೆ ಯಾರು ಓಡಾಡೋದು ಅಂತ ಅಪ್ಪ ಸ್ಟೇಷನ್ನಿಗೆ ಕೊಟ್ಟು ಕೈ ತೊಳ್ಕೊಂಡ್ರು. ಆಗ ನನಗೆ ಹದಿನೆಂಟು. ನನಗೆ ಬೇಕು ಅಂತ ಒಂದು ಮಾತು ಹೇಳಿದ್ರೆ ಉಳೀತಿತ್ತು. ಹೇಳ್ಲಿಲ್ಲ."

"ಬೇಕಾದ್ದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನಿಮಗೆ ಇನ್ನೂ ಆಗ್ಲಿಲ್ಲವಾ?"

ಅವನ ಕಿವಿ ಕೆಂಪಾಯಿತು. ಕಾರ್ಡುಗಳನ್ನು ಎತ್ತಿಕೊಂಡು ಹೋದವನು ಬಾಗಿಲ ಬಳಿ ಒಮ್ಮೆ ತಿರುಗಿ ನೋಡಿದ. ಹೇಳಲಿಲ್ಲ. ಪುಣ್ಯಾತ್ಮ!

ಆಗಸ್ಟ್ ಎರಡರಂದು ಇರಾಕಿನ ಸೈನ್ಯ ಒಳಗೆ ಬಂತು. ಆಫೀಸು ಮುಚ್ಚಿತು. ಯೂಸುಫ್ ಬೇಸಿಗೆಗೆಂದು ಲಂಡನ್ನಿಗೆ ಹೋದವನು ಅಲ್ಲೇ ಸಿಕ್ಕಿಕೊಂಡ. ಮನೆಯಲ್ಲಿ ಉಳಿದವರು ಬಾಬಾ, ರಮ್ಲಾ, ಹಿಂದಿನ ಕೋಣೆಯಲ್ಲಿ ರೋಹಿದಾಸ. ಯಾರ ಮನೆಯಲ್ಲಿ ಕೋವಿ ಸಿಕ್ಕಿದರೂ ಗುಂಡೇ ಗತಿ ಎಂಬ ಮಾತು ಬೀದಿ ಬೀದಿಯಲ್ಲಿ ಹಬ್ಬಿತು. ನಮ್ಮ ಊರಿನವರೆಲ್ಲ ಊರಿಗೆ ವಿಮಾನ ಸಿಗುವ ಅಮ್ಮಾನಿಗೆ ಹೋಗುವ ಬಸ್ಸು ಹಿಡಿಯುತ್ತಿದ್ದರು. ಸೆಪ್ಟೆಂಬರಿನಲ್ಲಿ ಕ್ಲಾರಾ ಹೊರಟಳು. ಅವಳ ಪಕ್ಕದ ಸೀಟು ನನ್ನದು.

ಹೊರಡುವ ಮೊದಲು ಬಾಬಾನ ಮನೆಗೆ ಓಡಿದೆ. ರೋಹಿದಾಸ ಗೋಡೆಯ ಕೋವಿಗಳಿಗೆ ಎಣ್ಣೆ ಹಚ್ಚುತ್ತ ಕೂತಿದ್ದ.

"ಇದನ್ನೆಲ್ಲ ಸಮುದ್ರಕ್ಕೆ ಹಾಕಿ. ಬನ್ನಿ ನನ್ನೊಟ್ಟಿಗೆ."

"ಬಾಬಾನಿಗೆ ಮಾತು ಕೊಟ್ಟಿದ್ದೇನೆ. ಇದನ್ನು ಬಿಟ್ಟು ಓಡಿದವ ನಾಳೆ ನಿಮ್ಮನ್ನೂ ಬಿಟ್ಟು ಓಡಿಯಾನು."

"ನೀವು ನನ್ನನ್ನು ಹಿಡ್ಕೊಂಡದ್ದು ಯಾವಾಗ, ಬಿಡ್ಲಿಕ್ಕೆ?"

ಎಣ್ಣೆಯ ಬಟ್ಟೆ ಅವನ ಕೈಯಲ್ಲೇ ಉಳಿಯಿತು, ಕಣ್ಣಲ್ಲಿ ನೀರು ತುಂಬಿತು. ಈ ಮನುಷ್ಯನನ್ನು ಇಲ್ಲಿ ಬಿಟ್ಟು ಮುಲ್ಕಿಯಲ್ಲಿ ನನಗೆ ಅನ್ನ ಇಳಿಯುವುದಿಲ್ಲ ಎಂದು ಆಗಲೇ ಗೊತ್ತಾಯಿತು. ಅಮ್ಮ ಕೇಳಿದರೆ ಇವತ್ತಿಗೂ ಬಸ್ಸು ತಪ್ಪಿತು ಎಂದೇ ಹೇಳುತ್ತೇನೆ.

ರಮ್ಲಾಳ ಕೋಣೆಯಲ್ಲಿ ನನಗೊಂದು ಹಾಸಿಗೆ ಸಿಕ್ಕಿತು. ಬೆಳಿಗ್ಗೆ ಎದ್ದು ಕಿಟಕಿಯ ಪರದೆ ಸರಿಸುವಾಗ ಅದನ್ನು ತೂಗುಹಾಕಿದ್ದ ಕಬ್ಬಿಣದ ಸರಳಿನ ಮೇಲೆ ಕಣ್ಣು ನಿಂತಿತು. ಆ ಮನೆಗೆ ನಲವತ್ತು ಕಿಟಕಿ!

"ರೋಹಿದಾಸರೇ," ಕೆಳಗೆ ಓಡಿದೆ, "ಕೋವಿಯ ನಳಿಗೆ ಎಷ್ಟು ಉದ್ದ?"

"ನಾಲ್ಕಡಿ, ನಾಲ್ಕೂವರೆ... ಯಾಕೆ?"

ಹೇಳಿದೆ. ಅವನು ನನ್ನನ್ನೇ ನೋಡಿದ. ಆಮೇಲೆ ನಗು ಬಂತು, ಗುಳಿ ಬಂತು. ಈ ಸಲ ನಾನು ಕಣ್ಣು ತಪ್ಪಿಸಲಿಲ್ಲ.

ಮೂರು ದಿನ ಅವನು ಕೋವಿಗಳನ್ನು ಬಿಚ್ಚಿದ, ನಾನು ಪರದೆ ಹೊಲಿದೆ. ಇಪ್ಪತ್ತಾರು ನಳಿಗೆಗಳು ಪರದೆಯ ಸರಳುಗಳಾಗಿ ಕಿಟಕಿಗಳ ಮೇಲೆ ಏರಿದವು. ಮದ್ದು ಸಿಡಿಸಲು ಬಡಿಯುವ ಕುದುರೆ, ತಿರುಪು, ಸಣ್ಣಪುಟ್ಟದ್ದೆಲ್ಲ ಸಿಂಕಿನ ಕೆಳಗೆ ಹಳೇ ನಲ್ಲಿ ಸಾಮಾನಿನ ಪೆಟ್ಟಿಗೆಗೆ ಹೋಯಿತು. ಮರದ ಹಿಡಿಗಳನ್ನು ಚಳಿಗಾಲದ ಡೇರೆಯ ಗೂಟಗಳ ಜೊತೆ ಕಟ್ಟಿಟ್ಟೆವು. ಉಳಿದದ್ದು ಕಾರ್ಡುಗಳು. ಒಲೆಗೆ ಹಾಕಲು ಹೊರಟೆ.

ಅವನು ಕೈ ಹಿಡಿದ. "ಒಂದರ ಕುದುರೆ ಇನ್ನೊಂದಕ್ಕೆ ಕೂರೋದಿಲ್ಲ. ಕಾರ್ಡ್ ಹೋದ್ರೆ ಯಾವುದು ಯಾವುದರದ್ದು ಅಂತ ಹೇಗೆ ಗೊತ್ತಾಗೋದು?"

"ಸಿಕ್ಕಿದ್ರೆ ನಾವೆಲ್ಲ ಹೋಗ್ತೇವೆ. ಮೂರು ಸಲ ಟೈಪ್ ಮಾಡಿಸಿದ್ದು ಯಾರು?" ಹಣೆ ತಟ್ಟಿ ತೋರಿಸಿದೆ. "ಎಲ್ಲ ಇಲ್ಲುಂಟು."

ಕಾರ್ಡು ಉರಿಯಿತು. ಹಿಡಿದ ಕೈಯನ್ನು ಅವನು ಬಿಡಲು ಮರೆತ. ನಾನೇಕೆ ನೆನಪಿಸಲಿ?

ಅಕ್ಟೋಬರಿನ ಒಂದು ಮಧ್ಯಾಹ್ನ ನಾಲ್ವರು ಸೈನಿಕರು ಬಂದರು. ಕಪಾಟು, ಮಂಚ, ಅಕ್ಕಿ ಮೂಟೆ, ಒಂದನ್ನೂ ಬಿಡಲಿಲ್ಲ. ಆಫೀಸಿನಿಂದ ತಂದಿಟ್ಟಿದ್ದ ನನ್ನ ಟೈಪ್‌ರೈಟರ್ ಹೊತ್ತುಕೊಂಡರು. ಒಬ್ಬ ರಮ್ಲಾಳ ಕೋಣೆಯ ಪರದೆಯನ್ನು ಮುಷ್ಟಿಯಲ್ಲಿ ಹಿಡಿದು ಎಳೆದ. ಮೇಲೆ ಹದಿನಾಲ್ಕನೆಯ ನಳಿಗೆ ಕಿರ್ರೆಂದು ಜಾರಿತು. ರೋಹಿದಾಸ ನನ್ನ ಮುಂದೆ ಬಂದು ನಿಂತ.

ಆಗ ರಮ್ಲಾ ವಾಕ್‌ಮನ್ ಕಿತ್ತೆಸೆದು ಸೈನಿಕನ ಮುಂದೆ ಹೋದಳು. ಅರಬಿಯಲ್ಲಿ ಅವಳು ಬೈದದ್ದರ ತಾತ್ಪರ್ಯ ಇಷ್ಟು: ಇದು ನನ್ನ ಅಜ್ಜಿಯ ಮನೆಯ ಪರದೆ. ಹರಿದರೆ ಹೊಲಿಯಲು ನಿನ್ನ ತಾಯಿ ಬರುತ್ತಾಳಾ? ಹೆಂಗಸರ ಕೋಣೆಯಲ್ಲಿ ನಿಲ್ಲಲು ನಾಚಿಕೆಯಾಗುವುದಿಲ್ಲವಾ?

ಇಪ್ಪತ್ತು ವರ್ಷವೂ ದಾಟಿರದ ಆ ಸೈನಿಕ ಪರದೆ ಬಿಟ್ಟ. "ಯಲ್ಲಾ" ಎಂದು ಉಳಿದವರನ್ನೂ ಕರೆದುಕೊಂಡು ಹೊರಟುಹೋದ.

ರಮ್ಲಾ ಮಂಚದ ಮೇಲೆ ಕುಸಿದು ಕೂತಳು. ಆಮೇಲೆ ಮೇಲೆ ನೋಡಿ ಕೇಳಿದಳು, "ಸುಗಂಧಿ, ಆ ಸರಳು... ಹೂಸ್ ವಾಸ್ ಇಟ್?"

"ಹದಿನಾಲ್ಕು. ನಿನ್ನ ಬಾಬಾನ ಅಜ್ಜಿಯದ್ದು. ಗಂಡಸರೆಲ್ಲ ಮುತ್ತು ತೆಗೆಯಲು ಸಮುದ್ರಕ್ಕೆ ಹೋದಾಗ ಮನೆ ಕಾದದ್ದು ಅವಳು, ಇದೇ ಕೋವಿ ಹಿಡಿದು."

ಅವಳು ಎದ್ದು, ಜಾರಿದ್ದ ನಳಿಗೆಯನ್ನು ತಾನೇ ಸರಿಯಾಗಿ ಕೂರಿಸಿದಳು. ಮರುದಿನ ಪಕ್ಕದ ಕಿಟಕಿಯದ್ದು ಕೇಳಿದಳು. ಅದರ ಮರುದಿನ ಇನ್ನೊಂದು. ಚಳಿಗಾಲ ಪೂರ್ತಿ ನಮಗೆ ಅದೇ ಮಾತು. ನನಗೆ ಗೊತ್ತಿಲ್ಲದ್ದನ್ನು ಬಾಬಾ ಹೇಳುತ್ತಿದ್ದರು. ವಾಕ್‌ಮನ್ ಮೂಲೆಯಲ್ಲಿ ಬಿದ್ದಿತ್ತು, ಸೆಲ್ಲು ಸಿಗದೆ ಅಲ್ಲ.

ಫೆಬ್ರವರಿ ಇಪ್ಪತ್ತಾರರಂದು ಇರಾಕಿನ ಸೈನ್ಯ ಊರು ಬಿಟ್ಟು ಓಡಿತು, ಬೀದಿಯಲ್ಲಿ ಹಾರ್ನುಗಳ ಮೇಲೆ ಹಾರ್ನು! ಬಾವುಟ, ಹೆಂಗಸರ ಉಲಿ, ಕುಣಿತ! ಎಣ್ಣೆ ಬಾವಿಗಳ ಹೊಗೆಯಿಂದ ಹಗಲೇ ಆಕಾಶ ಕಪ್ಪಾಗಿತ್ತು, ಆದರೂ ಅಷ್ಟು ಬೆಳಕಿನ ದಿನವನ್ನು ನಾನು ಕಂಡಿಲ್ಲ. ಬಾಬಾ ಕೈಯೆತ್ತಿ ಹೇಳಿದರು, "ಪರದೆ ಇಳಿಸಿ!"

ಹಜಾರದ ರತ್ನಗಂಬಳಿಯ ಮೇಲೆ ನಳಿಗೆ, ಕುದುರೆ, ಹಿಡಿ ಎಲ್ಲ ರಾಶಿ ಬಿತ್ತು. ನಾನು ಕಣ್ಣು ಮುಚ್ಚಿ ಹೇಳುತ್ತ ಹೋದೆ: "ಒಂದು. ನಳಿಗೆ ಎಂಟು ಮೂಲೆ, ಬುಡದಲ್ಲಿ ಹೂವಿನ ಕೆತ್ತನೆ. ಕುದುರೆಯ ಮೂಗು ಮುರಿದಿದೆ..." ರೋಹಿದಾಸ ಹುಡುಕಿ, ಒರೆಸಿ, ಕೂರಿಸಿದ. ಪ್ರತಿ ಸಲವೂ ಟಕ್ಕೆಂದು ಕೂತಿತು. ರಮ್ಲಾ ಹೊಸ ಕಾರ್ಡುಗಳಲ್ಲಿ ಪೆನ್ನಿನಿಂದ ಬರೆದುಕೊಂಡಳು. ಇಪ್ಪತ್ತಾರು ಮುಗಿಯಲು ಎರಡು ದಿನ ಬೇಕಾಯಿತು. ಒಂದೂ ತಪ್ಪಲಿಲ್ಲ!

ಬಾಬಾ ಕಾರ್ಡುಗಳನ್ನು ಒಂದೊಂದಾಗಿ ಕಣ್ಣಿನ ಹತ್ತಿರ ಹಿಡಿದು ಓದಿದರು. ಕೊನೆಯ ಸಾಲಿಗೆ ಬಂದಾಗ ಓದುವುದು ನಿಂತಿತು. ಇಪ್ಪತ್ತಾರರಲ್ಲೂ ಒಂದೇ ಹೆಸರು. ರಮ್ಲಾ. ರಮ್ಲಾ. ರಮ್ಲಾ.

"ಡ್ಯಾಡಿ ಫೋನ್ ಮಾಡಿದರೆ ಹೇಳಿ," ಎಂದಳು ಅವಳು, "ನಥಿಂಗ್ ಈಸ್ ಫಾರ್ ಸೇಲ್."

ಎಂಬತ್ತರ ಬಾಬಾ ಗಟ್ಟಿಯಾಗಿ ಅತ್ತರು, ನಕ್ಕರು, ರೋಹಿದಾಸನನ್ನು ಅಪ್ಪಿಕೊಂಡು ಹಣೆಗೆ ಮುತ್ತಿಟ್ಟರು.

ರಮ್ಲಾಳ ಮುಂದೆ ಒಂದು ಖಾಲಿ ಕಾರ್ಡು ಮಿಕ್ಕಿತ್ತು. ನಾನು ಪೆನ್ನು ಕಸಿದುಕೊಂಡೆ. ಕನ್ನಡದಲ್ಲೇ ಬರೆದೆ. ನಂಬರು: ಇಪ್ಪತ್ತೇಳು. ಗುರುತು: ಒಂದೇ ಕೆನ್ನೆಯಲ್ಲಿ ಗುಳಿ. ಸ್ಥಿತಿ: ಗಟ್ಟಿಮುಟ್ಟು, ಬಾಯಿ ಮಾತ್ರ ಕೆಟ್ಟಿದೆ. ಮುಂದಿನ ವಾರಸುದಾರ: ಸುಗಂಧಿ.

ಅವನ ಕೈಗೆ ಕೊಟ್ಟೆ. ಅವನು ಓದಿದ. ಇನ್ನೊಮ್ಮೆ ಓದಿದ.

"ತಪ್ಪುಂಟು" ಎಂದ.

"ಎಂತ ತಪ್ಪು?"

ಪೆನ್ನು ತೆಗೆದುಕೊಂಡು ಕೊನೆಯ ಸಾಲಿನ ನನ್ನ ಹೆಸರು ಹೊಡೆದು, ಅದರ ಮೇಲಿನ 'ಒಡೆಯ' ಎಂಬ ಸಾಲಿನಲ್ಲಿ ದಪ್ಪಗೆ ಬರೆದ: ಸುಗಂಧಿ.

"ನನಗೆ ನೀನು ಬೇಕು" ಎಂದ, ಎಲ್ಲರ ಎದುರು, ಬಾಯಿಬಿಟ್ಟು. "ಲಿಫ್ಟಿನಲ್ಲಿ ಕಿರುಚಿದ ದಿನದಿಂದ ಬೇಕು. ಕೊನೇ ಸಾಲು ಈಗ ಖಾಲಿ ಇರ್ಲಿ. ಅದಕ್ಕೆ ಹೆಸರು ಮದುವೆ ಆದ ಮೇಲೆ ಇಬ್ಬರೂ ಸೇರಿ ಹುಡುಕುವ. ಆಗ್ಬಹುದಾ?"

ನನ್ನ ಮುಖ ಎಷ್ಟು ಕೆಂಪಾಯಿತೋ, ಕನ್ನಡದ ಒಂದಕ್ಷರ ಬಾರದ ರಮ್ಲಾಳಿಗೂ ಎಲ್ಲ ಅರ್ಥವಾಗಿ ಚಪ್ಪಾಳೆ ಹೊಡೆದಳು.

"ಆಗ್ಬಹುದು" ಎಂದೆ. "ಆದ್ರೆ ಒಂದು ಮಾತು. ಆ ಹೆಸರನ್ನು ಮೂರು ಸಲ ಬರೆಸಿದ್ರೆ ನೋಡು!"