ಗನಿಯ ಕಡೆಯ ಹ್ಯಾಂಡಲ್

ತೊಂಬತ್ತಾರರಲ್ಲಿ ಬ್ಯಾಡಗಿಯ ವಿಡಿಯೋ ಗೇಮ್ ಅಂಗಡಿಯಲ್ಲಿ ನನ್ನ ಜೋಡಿ ಹೊಡೆದಾಟದ ಗೇಮ್ ಆಡುತ್ತಿದ್ದವನು ಅಬ್ದುಲಗನಿ, ಮೆಣಸಿನಕಾಯಿ ಚೀಲ ಹೊರುವ ಹಮಾಲ. ಖಾರ ಹತ್ತಿದ ಬೆರಳುಗಳಿಂದ ಎಲ್ಲ ಬಟನ್‌ಗಳನ್ನೂ ಒಂದೇ ಸಮನೆ ಬಡಿಯುತ್ತಿದ್ದ. ನಾನು ಹ್ಯಾಂಡಲ್ ಹಿಂದಕ್ಕೆಳೆದು ಏಟು ತಡೆಯುತ್ತಿದ್ದೆ. ಅವನು ದಣಿದ ಮೇಲೆ ಒಂದೇ ಹೊಡೆತಕ್ಕೆ ಕೆಡವುತ್ತಿದ್ದೆ.

"ತಡ್ಯೂದು ನನಗೂ ಕಲಿಸೋ," ಎಂದ ಒಂದು ಸಂಜೆ.

"ನಾಳಿ ಬಾರಲೇ," ಎಂದು ನಕ್ಕೆ.

ಮರುದಿನ ಬೆಳಿಗ್ಗೆ ಮಾರುಕಟ್ಟೆಯಲ್ಲಿ ಒಟ್ಟಿದ ಚೀಲಗಳು ಅವನ ಮೇಲೆ ಕುಸಿದವು. ಅವನು ಉಳಿಯಲಿಲ್ಲ.

ಆಮೇಲೊಂದು ಮಧ್ಯಾಹ್ನ ಅಂಗಡಿಯಲ್ಲಿ ನಾನೊಬ್ಬನೇ ಇದ್ದೆ. ಕರೆಂಟ್ ಹೋಗಿ ಪರದೆ ಕಪ್ಪಾಯಿತು. ಪಕ್ಕದಲ್ಲಿ ಅವನು ಆಡುತ್ತಿದ್ದ ಬಟನ್‌ಗಳು ತಾವಾಗಿಯೇ ಟಕಟಕ ಬಡಿದುಕೊಳ್ಳತೊಡಗಿದವು.

"ಗನಿ," ಎಂದೆ, "ಹ್ಯಾಂಡಲ್ ಹಿಂದಕ್ಕ ಜಗ್ಗಿ ಹಿಡಿ. ಹೊಡಿಯಾಕ ಹೋಗಬ್ಯಾಡ."

ಸದ್ದು ನಿಂತಿತು. ಅವನ ಕಡೆಯ ಹ್ಯಾಂಡಲ್ ಹಿಂದಕ್ಕೆ ವಾಲಿ ನಿಂತಿತ್ತು. ನೆಟ್ಟಗೆ ಮಾಡಹೋದೆ, ಅಲುಗಲಿಲ್ಲ. ನನ್ನ ಅಂಗೈ ಸಂಜೆಯವರೆಗೂ ಖಾರಕ್ಕೆ ಉರಿಯಿತು.